ಜಿಲಾನಿಯ ಬಲಗಡೆ ಪೆಟ್ಟಿಗೆ

ಮೈಕ್ ಕಟ್ಟುವುದರಲ್ಲಿ ನನಗೆ ಬುದ್ಧಿ ಹೇಳುವವನು ವಿಜಾಪುರದಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಮದುವೆಯಿರಲಿ, ಉರುಸಿರಲಿ, ಚುನಾವಣೆಯಿರಲಿ, ಈ ಅಮೋಘಿಯ ಹಾರ್ನೇ ಆಗಬೇಕು. ಎಪ್ಪತ್ತೇಳರಲ್ಲಿ ತಿಕೋಟಾದ ಬಸ್ ಡ್ರೈವರ್ ಜಿಲಾನಿ, ವರ್ಗವಾಗಿ ಹೊರಟಿದ್ದ ಇಂಜಿನಿಯರರೊಬ್ಬರ ಹಳೆಯ ಸ್ಟೀರಿಯೊ ಕೊಂಡು ತಂದವನು ನನ್ನನ್ನೇ ಕರೆದ. ಅದರ ಎರಡೂ ಸ್ಪೀಕರ್ ಪೆಟ್ಟಿಗೆಗಳನ್ನು ಹಾರ್ನ್ ಕಟ್ಟಿದ ಹಾಗೆಯೇ ಗೋಡೆಯ ಮೇಲೆ ಎತ್ತರಕ್ಕೆ ಕಟ್ಟಿದೆ. ಎಡಗಡೆಯದರ ಮುಖ ಪಡಸಾಲೆಯ ಒಳಕ್ಕೆ, ಬಲಗಡೆಯದರ ಮುಖ ಅಂಗಳದ ಬಾಗಿಲಿಗೆ. ಒಬ್ಬನೇ ಕೂತು ಕೇಳುವುದಕ್ಕೆ ಯಾವ ಹುಚ್ಚ ಎರಡು ಪೆಟ್ಟಿಗೆ ಮಾಡುತ್ತಾನೆ? ಓಣಿಗೂ ಒಂದಿಷ್ಟು ಕೇಳಲಿ ಎಂದು ನನ್ನ ಲೆಕ್ಕ.

ಹದಿನೈದು ದಿನಕ್ಕೆ ಅವನ ಹೆಂಡತಿ ಪೀರಾಂಬಿ ನನ್ನ ಅಂಗಡಿಗೆ ಬಂದಳು.

"ಅಣ್ಣಾರ, ಬಲಗಡಿ ಪೆಟಗಿ ಸರಿ ಮಾತಾಡವಲ್ದಂತ. ನಮ್ಮನಿಯವರು ಊಟಾನೂ ಬಿಟ್ಟಾರ."

"ಪೆಟಗಿ ಮಾತಾಡದಿದ್ರ ಊಟ ಯಾಕ ಬಿಡಬೇಕವಾ?"

ಆಗ ನಿಜ ಹೊರಬಂತು. ಹಿಂದಿನ ವಾರ ಲಾರಿಯೊಂದು ಬಸ್ಸಿನ ಬಲಕ್ಕೆ ಬಂದು ಹಾರ್ನ್ ಹೊಡೆದೇ ಹೊಡೆದರೂ ಜಿಲಾನಿ ದಾರಿ ಬಿಟ್ಟಿರಲಿಲ್ಲ. ಕಂಡಕ್ಟರ್ ಓಡಿ ಬಂದು ಭುಜ ಅಲುಗಿಸಬೇಕಾಯಿತು. ಬರುವ ಸೋಮವಾರ ಡ್ರೈವರುಗಳ ಕಣ್ಣು, ಕಿವಿ ತಪಾಸಣೆ. ಬಲಗಿವಿ ಹೋಗಿದೆ ಎಂದಾದರೆ ಸ್ಟೇರಿಂಗೂ ಹೋದಂತೆಯೇ.

"ತಪ್ಪು ಪೆಟಗೀದ ಐತಿ ಅಂದ್ರ ಅವರ ಜೀವಕ್ಕ ಸಮಾಧಾನ ಆಗ್ತೈತ್ರಿ," ಎಂದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗುತ್ತಲೇ ಸಂಜೆಯ ಬಸ್ಸು ಹತ್ತಿದೆ. ನಾನು ಕಟ್ಟಿದ್ದು ಕೆಡುವುದೆಂದರೇನು?

ಜಿಲಾನಿ ದಿನಾ ಕೂರುವ ಹಗ್ಗದ ಹೊರಸಿನ ಮೇಲೆ ಕೂತು ರೆಕಾರ್ಡ್ ಹಾಕಿಸಿದೆ. ಬಲಪೆಟ್ಟಿಗೆಯಿಂದ ಢೋಲಕಿಯ ಗುದ್ದು ಬರುತ್ತಿತ್ತು, ಹಾಡಿನ ಮಾತು ಬರುತ್ತಿರಲಿಲ್ಲ. ಎದ್ದು ಅಂಗಳದ ಬಾಗಿಲಿಗೆ ಹೋದೆ. ಅಲ್ಲಿ ಅದೇ ಪೆಟ್ಟಿಗೆಯ ಒಂದೊಂದು ಮಾತೂ ಸ್ಪಷ್ಟ. ದಪ್ಪ ಸದ್ದು ಎಲ್ಲ ಕಡೆ ಹರಡುತ್ತದೆ, ಸಣ್ಣ ಸದ್ದು ಬ್ಯಾಟರಿಯ ಬೆಳಕಿನಂತೆ ಮುಖ ಇದ್ದ ಕಡೆಗಷ್ಟೇ ಹೋಗುತ್ತದೆ. ಇಪ್ಪತ್ತು ವರ್ಷ ಹಾರ್ನ್ ಕಟ್ಟಿದವನಿಗೆ ಇದು ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

"ಜಿಲಾನಿ, ನಿನ್ನ ಕಿವಿ ಬಂಗಾರದಂಥಾವು. ತಪ್ಪು ನಂದಪಾ."

ಪೀರಾಂಬಿ ಚಹಾಕ್ಕಿಡಲು ಒಳಗೆ ಹೋದಳು. ಜಿಲಾನಿ ಆಗಲೇ ಮೀಸೆ ತಿರುವತೊಡಗಿದ್ದ. ಪೆಟ್ಟಿಗೆಗಳನ್ನು ಕೆಳಗಿಳಿಸಿ, ಸ್ಟೂಲುಗಳ ಮೇಲೆ ಕಿವಿಯ ಎತ್ತರಕ್ಕಿಟ್ಟು, ಎರಡರ ಮುಖವನ್ನೂ ಹೊರಸಿಗೆ ತಿರುಗಿಸಿದೆ. ಮೊದಲು ನಾನೇ ಕೂತೆ. ದನಿ ಆ ಪೆಟ್ಟಿಗೆಯಲ್ಲೂ ಇಲ್ಲ, ಈ ಪೆಟ್ಟಿಗೆಯಲ್ಲೂ ಇಲ್ಲ. ನಟ್ಟನಡುವೆ, ಬರೀ ಗೋಡೆಯ ಮುಂದೆ ಯಾರೋ ಕೂತು ಹಾಡುತ್ತಿದ್ದರು. ಅಂಥದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಜಿಲಾನಿಯನ್ನು ಅದೇ ಜಾಗದಲ್ಲಿ ಕೂರಿಸಿದೆ.

"ದನಿ ಎಲ್ಲಿಂದ ಬರಾಕತ್ತೈತಿ?"

"ಎಡಗಡಿ," ಎಂದ.

ಚಹಾ ತಂದ ಪೀರಾಂಬಿ ಬಾಗಿಲಲ್ಲೇ ನಿಂತಳು. ಅವನನ್ನು ಎಬ್ಬಿಸಿ, ಪೆಟ್ಟಿಗೆಗಳಿಗೆ ಬೆನ್ನು ಮಾಡಿ ಕೂರಿಸಿದೆ.

"ಈಗ?"

"ಈಗ ಬಂತ ನೋಡಣ್ಣಾ! ಬಾಗಲಾ ಕಡಿ ಪೆಟಗಿ ಮಾತಾಡಾಕತ್ತು," ಎಂದು ನಕ್ಕ.

ನನಗೆ ನಗು ಬರಲಿಲ್ಲ. ಪೆಟ್ಟಿಗೆಗಳನ್ನು ನಾನು ಮುಟ್ಟಿರಲಿಲ್ಲ. ಬಾಗಿಲ ಕಡೆಯದೆಂದರೆ ಅದೇ ಬಲಪೆಟ್ಟಿಗೆ, ಅದೀಗ ಅವನ ಎಡಕ್ಕಿತ್ತು. ಅವನು ತಿರುಗಿದ, ಅವನ ಎಡಗಿವಿಯ ಜೊತೆ ದನಿಯೂ ತಿರುಗಿತು. ತಪ್ಪು ನನ್ನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಸುಮ್ಮನೆ ಚಹಾ ಕುಡಿದು ಎದ್ದು ಬರಬಹುದಿತ್ತು. ರೆಕಾರ್ಡ್ ನಿಲ್ಲಿಸಿದೆ.

"ಪೆಟಗಿ ಎರಡೂ ಛಲೋ ಅದಾವು ಜಿಲಾನಿ. ನಿನ್ನ ಬಲಗಿವಿ ಕೇಳವಲ್ದು."

"ಈಗರ ಬಂಗಾರ ಅಂದ್ಯಲ್ಲಣ್ಣಾ."

"ಅಂದೆ. ತಿಳೀದ ಅಂದೆ."

ಅವನು ಎದ್ದು ರೆಕಾರ್ಡನ್ನು ತೆಗೆದು ಕವರಿಗೆ ಹಾಕಿದ. ಆಮೇಲೆ, "ಸೋಮವಾರತನಾ ಯಾರ ಮುಂದೂ ಹೇಳಬ್ಯಾಡಣ್ಣಾ. ನಾಳಿ ಮುಂಜಾನಿ ಬಸ್ ನಂದ ಐತಿ," ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಪೀರಾಂಬಿ ಹೇಳಿದಳು:

"ಹಂಗಾರ ನಾಳಿ ನಾ ಸಕೀನಾನ ಸಾಲಿಗೆ ಕಳಸೂದಿಲ್ರಿ."

ಸಕೀನಾ ಅವರ ಒಬ್ಬಳೇ ಮಗಳು. ದಿನಾ ಅಪ್ಪನ ಬಸ್ಸಿನಲ್ಲೇ ವಿಜಾಪುರದ ಶಾಲೆಗೆ ಬರುತ್ತಿದ್ದಳು. ಜಿಲಾನಿ ಹೆಂಡತಿಯ ಮುಖ ನೋಡಿದ. 

ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ತಿಕೋಟಾದ ಬಸ್ಸು ಬಂತು. ಸ್ಟೇರಿಂಗ್ ಮುಂದೆ ಬೇರೆ ಯಾರೋ ಇದ್ದರು. ಪ್ರಯಾಣಿಕರ ಸಾಲಿನಲ್ಲಿ ಸಕೀನಾ ಇಳಿದಳು, ಅವಳ ಹಿಂದೆ ಇಸ್ತ್ರಿ ಮಾಡಿದ ಖಾಕಿ ಅಂಗಿಯಲ್ಲಿ ಜಿಲಾನಿ. ಮಗಳನ್ನು ಶಾಲೆಯ ದಾರಿಗೆ ಹಚ್ಚಿ ನನ್ನ ಹತ್ತಿರ ಬಂದ.

"ದವಾಖಾನಿಗೆ ಹೊಂಟೇನಿ. ಜೋಡಿ ಬರ್ತಿಯೇನಣ್ಣಾ?"

ನಾನು ಅವನ ಬಲಕ್ಕೆ ನಿಂತಿದ್ದೆ. ಎಡಕ್ಕೆ ಬಂದು, "ನಡಿಯಪಾ," ಎಂದೆ.