ಬೂದುಗಣ್ಣಿನ ಥಾಮಸ್

ನನಗೆ ಹೊಟ್ಟೆಕಿಚ್ಚು ಬಂದದ್ದು ಒಬ್ಬ ಸತ್ತವನ ಮೇಲೆ. ಸತ್ತು ನೂರು ವರ್ಷವಾಗಿದೆ. ದೇಶ ಐರ್ಲೆಂಡು, ಹೆಸರು ಥಾಮಸ್ ಕೀಗನ್, ಕೆಲಸ ಸಮುದ್ರದ ದಂಡೆ ಕಾಯುವುದು. ನಗುವವರು ನಗಲಿ. ನಮ್ಮ ತಿಳವಳ್ಳಿಯಲ್ಲಿ ಹೆಂಡತಿಯ ಮೇಲೆ ಸಂಶಯಪಟ್ಟು ತಲೆ ಕೆಡಿಸಿಕೊಂಡವರು ಬೇರೆಯವರೂ ಇದ್ದಾರೆ. ಆದರೆ ಅವರಿಗೆ ಹೋಗಿ ಕಾಲರ್ ಹಿಡಿಯಲು ಒಬ್ಬ ಜೀವಂತ ಮನುಷ್ಯನಾದರೂ ಇರುತ್ತಾನೆ. ನನಗೆ ಆ ಭಾಗ್ಯವೂ ಇರಲಿಲ್ಲ.

ನನ್ನ ಹೆಂಡತಿ ವಿದ್ಯಾಶ್ರೀ ಸವಣೂರಿನವಳು, ಇತಿಹಾಸದಲ್ಲಿ ಎಂ.ಎ. ಮಾಡಿದವಳು. ನಾನು ಹಿಟ್ಟಿನ ಗಿರಣಿಯವನು. ಮದುವೆಯಾದ ಮೇಲೆ ಅವಳು ಸ್ವಲ್ಪ ಕಾಲ ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಮಾಡಿದಳು, ಮಗಳು ನೀಲಾ ಹುಟ್ಟಿದಾಗ ಬಿಟ್ಟಳು. ಈಗ ಮನೆಯಲ್ಲೇ ಕೂತು ಹುಬ್ಬಳ್ಳಿಯ ಒಂದು ಕಂಪನಿಗೆ ಕೆಲಸ ಮಾಡುತ್ತಾಳೆ. ಪರದೇಶದ ಜನರ ಮುತ್ತಜ್ಜಂದಿರನ್ನು ಹುಡುಕಿಕೊಡುವ ಕೆಲಸ. ಅಲ್ಲಿಯವರ ಹಳೆಯ ನೌಕರಿ ದಾಖಲೆ, ಜನಗಣತಿಯ ಹಾಳೆ ಎಲ್ಲ ಲ್ಯಾಪ್‌ಟಾಪಿನಲ್ಲಿ ಕಾಣುತ್ತವೆ. ಆ ಸೊಟ್ಟ ಅಕ್ಷರ ಬಿಡಿಸಿ, ಯಾರು ಯಾರ ಮಗ, ಎಲ್ಲಿಂದ ಎಲ್ಲಿಗೆ ಹೋದ ಎಂದು ಜೋಡಿಸುವುದು. ಮೊದಮೊದಲು ನನಗೆ ಹೆಮ್ಮೆಯೇ ಇತ್ತು. ಜೋಳ ಬೀಸಿಸಲು ಬಂದವರಿಗೆಲ್ಲ ಕೇಳದಿದ್ದರೂ ಹೇಳುತ್ತಿದ್ದೆ.

ಆಮೇಲೆ ಈ ಕೀಗನ್ ಬಂದ. ಕೆನಡಾದಲ್ಲಿರುವ ಅವನ ಮರಿಮಗಳೊಬ್ಬಳು ಅವನನ್ನು ಹುಡುಕಿಸುತ್ತಿದ್ದಳು. ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೇನೆ, ವಿದ್ಯಾಶ್ರೀ ರೊಟ್ಟಿ ಬಡಿಸುವುದನ್ನು ಬಿಟ್ಟು ಒಳಗಿನಿಂದ ಕೂಗಿದಳು.

"ರೀ, ಥಾಮಸ್ ಸಿಕ್ಕಾನ್ರೀ!"

"ಯಾವ ಥಾಮಸ್?"

"ದಂಡಿ ಕಾಯೂ ಥಾಮಸ್. ಐದಡಿ ಎಂಟಿಂಚ ಎತ್ತರ, ಕಂದು ಕೂದಲಾ, ಬೂದಗಣ್ಣು. ಎಡಗೈ ಮ್ಯಾಲ ಹಡಗದ ಹಚ್ಚಿ ಐತ್ರಿ."

ಆ ಕಾಲದಲ್ಲಿ ದಂಡೆ ಕಾಯುವವರೂ ನೌಕಾದಳದ ನೌಕರರೇ, ಓಡಿಹೋದರೆ ಹಿಡಿಯಲಿಕ್ಕೆಂದು ಅವರ ಮೈಮೇಲಿನ ಗುರುತೆಲ್ಲ ಬರೆದಿಡುತ್ತಿದ್ದರಂತೆ. ಇರಲಿ. ನಾನು ರೊಟ್ಟಿ ಬಿಟ್ಟು ಕಣ್ಣು ಮುಚ್ಚಿಕೊಂಡೆ.

"ನನ್ನ ಕಣ್ಣ ಯಾವ ಬಣ್ಣ? ಹೇಳ ನೋಡೂಣು."

"ತಗೀರಿ, ನೋಡಿ ಹೇಳ್ತೇನಿ," ಎಂದು ಬಾಗಿಲಿಗೆ ಬಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಎದ್ದರೆ ಥಾಮಸ್, ಕೂತರೆ ಥಾಮಸ್. ಅವನಿಗೆ ಮತ್ತೆ ವರ್ಗವಾಯಿತು ಎಂದು ಅವಳಿಗೆ ಬೇಜಾರು. ಒಂದೇ ಊರಲ್ಲಿ ಬಹಳ ದಿನ ಬಿಟ್ಟರೆ ಊರವರ ಜೊತೆ ದೋಸ್ತಿಯಾಗಿ ಕಳ್ಳಮಾಲು ಒಳಗೆ ಬಿಟ್ಟಾನೆಂದು ಸರಕಾರ ಅವನನ್ನು ಠಾಣೆಯಿಂದ ಠಾಣೆಗೆ ಎತ್ತಿ ಹಾಕುತ್ತಿತ್ತು. ಒಂದೊಂದು ಮಗು ಒಂದೊಂದು ಊರಲ್ಲಿ ಹುಟ್ಟಿತ್ತು. ನನ್ನ ಅವ್ವ ಶಾರವ್ವನೂ ಅವನ ಕಡೆಯವಳಾಗಿಬಿಟ್ಟಳು. ಅವರೆಕಾಯಿ ಸುಲಿಯುತ್ತ, "ಏನಂತಾನವಾ ಇವತ್ತ ನಿನ್ನ ತಾಮಸಪ್ಪ?" ಎಂದು ಸೊಸೆಯನ್ನು ಕೇಳುವಳು. ಹಡೆದ ಮಗ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಎದುರಿಗೆ ನಿಂತಿದ್ದರೂ ಅವಳಿಗೆ ಕಾಣುತ್ತಿರಲಿಲ್ಲ.

ಅದನ್ನೂ ಸಹಿಸಿಕೊಂಡೇನು. ಸಹಿಸಲಾಗದಿದ್ದದ್ದು ಆ ಹೆಸರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ, ಯಾರಾದರೂ ಕೇಳಿದರೂ ಹೇಳುವುದಿಲ್ಲ. ನಾನು ಅವಳಿಗೆ 'ರೀ', ಇಲ್ಲವೇ 'ನೀಲಾನ ಅಪ್ಪ'. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತಾಗ ಒಮ್ಮೆ, ಬಸುರಿಯಾದಾಗ ಮಾಡಿದ ಕುಬಸದಲ್ಲಿ ಒಮ್ಮೆ ನನ್ನ ಹೆಸರು ಅವಳ ಬಾಯಲ್ಲಿ ಬಂದದ್ದುಂಟು. ಅದೂ ಒಡಪಿನಲ್ಲಿ, ಪ್ರಾಸದ ನಡುವೆ ಅಡಗಿಸಿ, ಸೆರಗು ಬಾಯಿಗೆ ಹಿಡಿದು. ಆ ಥಾಮಸನ ಹೆಸರನ್ನಾದರೆ ದಿನವಿಡೀ ಹೇಳುತ್ತಾಳೆ. ಸಂಜೆ ಕಂಪನಿಯವರಿಗೆ ಫೋನಿನಲ್ಲಿ ಓದಿ ಹೇಳುವಾಗಂತೂ ಅವಳ ದನಿಯೇ ಬೇರೆ. ಒಂದೊಂದೇ ಅಕ್ಷರ, ಮೆತ್ತಗೆ, ಜೋಪಾನವಾಗಿ, ಕೂಸು ಮಲಗಿದ ಕೋಣೆಯಲ್ಲಿ ಮಾತಾಡಿದ ಹಾಗೆ. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ. ನನ್ನ ಹೆಸರನ್ನು ಒಮ್ಮೆಯಾದರೂ ಅವಳು ಹಾಗೆ ಹೇಳಬೇಕು ಅನ್ನಿಸಿತು. ಆ ಆಸೆ ಹತ್ತಿದ್ದೇ ಹತ್ತಿದ್ದು, ಬಿಡಲೇ ಇಲ್ಲ.

ಅವನಲ್ಲಿ ಏನಾದರೂ ಹುಳುಕು ಸಿಕ್ಕೀತೆಂದು ಅವಳ ಪಕ್ಕ ಕೂತು ದಾಖಲೆ ನೋಡತೊಡಗಿದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಒಂದು ದಿನ ಸಿಕ್ಕಿತು. ಪಹರೆಯಲ್ಲಿದ್ದಾಗ ಕುಡಿದಿದ್ದನೆಂದು ಕೀಗನ್ನನನ್ನು ಒಂದು ದರ್ಜೆ ಕೆಳಗಿಳಿಸಿದ್ದರು. ನನಗೆ ಲಾಟರಿ ಹೊಡೆದಷ್ಟು ಸಂತೋಷವಾಯಿತು.

"ನೋಡ, ನಿನ್ನ ಥಾಮಸ್ ಕುಡುಕ!"

"ಗೊತ್ತೈತ್ರಿ," ಎಂದಳು. "ಆ ತಿಂಗಳದಾಗ ಅವನ ಕೂಸು ತೀರ್ಕೊಂಡಿತ್ತು. ಆಮ್ಯಾಲಿನ ಗಣತ್ಯಾಗ ಐತಿ ನೋಡ್ರಿ. ಹಡದದ್ದು ಎಂಟ ಮಕ್ಕಳು, ಉಳದದ್ದು ಐದು ಅಂತ ಬರಸ್ಯಾನ. ಹೊಟ್ಟ್ಯಾಗಿನ ಸಂಕಟ, ಪಾಪ, ಕುಡದಾನ."

ಪಾಪವಂತೆ! ಶಿಗ್ಗಾವಿಯ ಒಂದು ಮದುವೆಗೆ ಹೋದಾಗ ಗೆಳೆಯರ ಒತ್ತಾಯಕ್ಕೆ ನಾನು ಒಂದು ಗುಟುಕು ಹಾಕಿ ಬಂದದ್ದಕ್ಕೆ ಇವಳು ವಾರಗಟ್ಟಲೆ ಮಾತು ಬಿಟ್ಟಿದ್ದಳು. ಆಗ ನನ್ನ ಸಂಕಟ ಏನೆಂದು ಯಾರೂ ಯಾವ ಹಾಳೆಯಲ್ಲೂ ಹುಡುಕಲಿಲ್ಲ.

"ಅವನ ಹೆಸರ ಬಾಯಿ ತುಂಬ ಹೇಳ್ತಿ," ಎಂದೆ. ದನಿ ಏರಿತ್ತು. "ತಾಳಿ ಕಟ್ಟಿದವನ ಹೆಸರ ಒಮ್ಮಿ ಹೇಳಾಕ ಬಾಯಿ ಬರಂಗಿಲ್ಲ ನಿನಗ."

ಅವಳು ಲ್ಯಾಪ್‌ಟಾಪು ಮುಚ್ಚಿದಳು. ನನ್ನ ಮುಖವನ್ನೇ ನೋಡಿದಳು. ಅಷ್ಟು ದಿನ ನಾನು ಉರಿಯುತ್ತಿದ್ದದ್ದು ಅವಳಿಗೆ ಆಗಲೇ ತಿಳಿದಿರಬೇಕು.

"ಅವ್ರು ಸತ್ತಾರ್ರೀ. ಸತ್ತವ್ರ ಹೆಸರ ಹೇಳಿದ್ರ ಅವ್ರಿಗೆ ಏನೂ ಆಗೂದಿಲ್ಲ, ಹೇಳದಿದ್ರ ಅವ್ರು ಇದ್ದರು ಅನ್ನೂದ ಯಾರಿಗೂ ಗೊತ್ತಾಗೂದಿಲ್ಲ. ನೀವು ಇದ್ದೀರಿ. ಹೆಸರ ಹೇಳಿ ನಿಮ್ಮ ಆಯುಷ್ಯಕ್ಕ ನಾ ಯಾಕ ಕೈ ಹಚ್ಚಲಿ?"

"ಎಂ.ಎ. ಓದಿದಾಕಿ ನೀ ಇದನ್ನೆಲ್ಲಾ ನಂಬ್ತಿ?"

"ನಂಬೂದಿಲ್ಲ. ಆದ್ರೂ ಹೇಳೂದಿಲ್ಲ."

ಬುದ್ಧಿ ಇದ್ದವನು ಅಲ್ಲಿಗೆ ಸುಮ್ಮನಾಗುತ್ತಿದ್ದ. ಆ ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಆದರೆ ಹೊಟ್ಟೆಕಿಚ್ಚಿಗೆ ಕಿವಿ ಇರುವುದಿಲ್ಲವಲ್ಲ. ನೆಪ ಹೇಳುತ್ತಿದ್ದಾಳೆ, ಆ ಬೂದುಗಣ್ಣಿನವನಿಗೆ ಸಿಕ್ಕದ್ದು ನನಗೆ ಸಿಕ್ಕುವುದು ಅವಳಿಗೇ ಬೇಡ ಅನ್ನಿಸಿತು.

ಕೆಲವು ದಿನಗಳಲ್ಲೇ ನಮ್ಮ ಓಣಿಗೂ ಗಣತಿ ಬಂತು. ಬಂದವರು ನೀಲಾಳ ಶಾಲೆಯ ಸುಭಾಸ ಮಾಸ್ತರರು. ಮೊಬೈಲು ಹಿಡಿದು ಕಟ್ಟೆಯ ಮೇಲೆ ಕೂತರು. ಅವ್ವ ಚಹಾ ತಂದಿಟ್ಟಳು. ಪಕ್ಕದ ಮನೆಯ ಮಂಜವ್ವ ತನ್ನ ಸರದಿ ಮುಗಿಸಿಕೊಂಡು ನಮ್ಮದನ್ನು ಕೇಳಲು ಬಂದು ನಿಂತಳು. ನಾನು ಮನೆಗೆ ಹೊಂದಿಕೊಂಡಿರುವ ಗಿರಣಿಯ ಬಾಗಿಲಲ್ಲಿದ್ದೆ.

"ಅಕ್ಕಾರ, ಮನಿ ಯಜಮಾನ್ರ ಹೆಸರ ಹೇಳ್ರಿ," ಎಂದರು ಮಾಸ್ತರರು.

ವಿದ್ಯಾಶ್ರೀ ನಕ್ಕು ಅತ್ತೆಯ ಕಡೆ ನೋಡಿದಳು. ಅವ್ವ ಬಾಯಿ ತೆರೆಯುವಷ್ಟರಲ್ಲಿ ನಾನು ಅಡ್ಡ ಬಂದೆ.

"ಅವ್ವಾ, ನೀ ಸುಮ್ನಿರು. ಮಾಸ್ತರ ಆಕಿನ್ನ ಕೇಳ್ಯಾರ, ಆಕಿನ ಹೇಳಲಿ."

"ಒಡಪ ಹಾಕಿ ಹೇಳವಾ, ನಾವೂ ಕೇಳೂಣು," ಎಂದು ಮಂಜವ್ವ ಚಪ್ಪಾಳೆ ತಟ್ಟಿದಳು.

"ಒಡಪ ಬ್ಯಾಡ," ಎಂದೆ. "ಬರೇ ಹೆಸರ. ಥಾಮಸಂದು ಹೇಳ್ತಿಯಲಾ, ಹಂಗ."

ಮಂಜವ್ವನ ನಗು ನಿಂತಿತು. ಮಾಸ್ತರರು ಮೊಬೈಲಿನಲ್ಲಿ ಏನೋ ಹುಡುಕುವವರಂತೆ ತಲೆ ತಗ್ಗಿಸಿದರು. "ನನಗ ಗೊತ್ತೈತ್ರಿ, ನಾನ ಹಾಕ್ಕೋತೇನಿ," ಎಂದರು ಮೆಲ್ಲಗೆ.

"ನೀವ್ ಹಾಕ್ಕೋಬ್ಯಾಡ್ರಿ. ಆಕಿ ಹೇಳ್ತಾಳ."

ವಿದ್ಯಾಶ್ರೀ ನನ್ನನ್ನು ನೋಡಿದಳು. ಬೇಡವೆನ್ನಲು ನನಗೆ ಆಗಲೂ ಸಮಯವಿತ್ತು. ಅವಳು ಸೆರಗು ಸರಿಮಾಡಿಕೊಂಡು ಮಾಸ್ತರರ ಕಡೆ ತಿರುಗಿದಳು.

"ಹಾಲೇಶ," ಎಂದಳು. "ಹಾಲೇಶ ನೀಲಪ್ಪ ಹೊಸಮನಿ."

ಒಂದೊಂದೇ ಅಕ್ಷರ, ಮೆತ್ತಗೆ, ಜೋಪಾನವಾಗಿ. ನಾನು ಕೇಳಿದ ದನಿಯೇ ಅದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಥಾಮಸನನ್ನು, ಅವನ ಹೆಂಡತಿಯನ್ನು, ಉಳಿಯದೆ ಹೋದ ಆ ಮೂರು ಕೂಸುಗಳನ್ನು ಅವಳು ಓದುತ್ತಿದ್ದ ದನಿ. ಸತ್ತವರಿಗೆಂದು, ಇನ್ನೇನೂ ಆಗುವುದಿಲ್ಲದವರಿಗೆಂದು ಅವಳು ಎತ್ತಿಟ್ಟ ದನಿ. ಆ ದನಿಯಲ್ಲಿ ಈಗ ನನ್ನ ಹೆಸರು.

"ಬಿಡ್ತು ಅನ್ನವಾ, ಬಿಡ್ತು ಅನ್ನ," ಎಂದಳು ಅವ್ವ ಗಾಬರಿಯಿಂದ.

ವಿದ್ಯಾಶ್ರೀ ಅನ್ನಲಿಲ್ಲ.

"ಅನ್ನ ವಿದ್ಯಾ," ಎಂದೆ ನಾನು.

"ನೀವ ಕೇಳಿದ್ರಲ್ರಿ," ಎಂದಳು. ಮಾಸ್ತರರ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಳು, ಖಾಲಿ ಕಪ್ಪುಗಳನ್ನೆತ್ತಿಕೊಂಡು ಒಳಗೆ ಹೋದಳು.

ನಾನು ಗಿರಣಿಗೆ ಬಂದು ನನ್ನಷ್ಟಕ್ಕೆ ನಾನೇ ಬಿಡ್ತು ಬಿಡ್ತು ಅಂದುಕೊಂಡೆ. ಬೀಸಿಸಲು ಬಂದವರು ಏನಾಯಿತೆಂದು ಕೇಳಿದರೂ ಮೋಟರು ಹಚ್ಚಲಿಲ್ಲ. ಮೋಟರಿನ ಸದ್ದಿನಲ್ಲಿ, ಅವಳು ಒಳಗಿನಿಂದ 'ರೀ' ಎಂದು ಕರೆದರೆ ಕೇಳಿಸುವುದಿಲ್ಲ.