ನಲ್ಲಿ ಮುಂದಿನ ಪ್ರಾರ್ಥನೆ

ಸಂತೇಬೆನ್ನೂರಿನ ಆಚೆ, ಅಡಿಕೆ ಸುಲಿಯುವ ಕೂಲಿಯವರ ಕಾಲೊನಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ನಿಲೋಫರ್ ಆರೋಗ್ಯ ಮಂತ್ರಿ. ಮಕ್ಕಳ ಮಂತ್ರಿಮಂಡಲದಲ್ಲಿ ಮುಖ್ಯಮಂತ್ರಿಗಿಂತ ಜೋರು ಅವಳದೇ. ಯಾರ ಉಗುರು ಬೆಳೆದಿದೆ, ಯಾರ ಮೂಗು ಸೋರುತ್ತಿದೆ, ಎಲ್ಲ ಅವಳ ಖಾತೆ. ರಟ್ಟಿನ ಬ್ಯಾಡ್ಜನ್ನು ದಿನಾ ಬೆಳಿಗ್ಗೆ ಅವಳ ಅಮ್ಮಿ ಜಹಾನಾರಾ ತಾನೇ ಚುಚ್ಚಿ, ಒಂದು ಗಳಿಗೆ ನಿಂತು ನೋಡಿ, ಆಮೇಲೆ ಸುಲಿಯಲು ಹೋಗುತ್ತಿದ್ದಳು. ಆ ಬ್ಯಾಡ್ಜೇ ಹೋದರೆ ಅಮ್ಮಿಗೆ ಮುಖ ತೋರಿಸುವುದು ಹೇಗೆ?

ಹೋಗುವ ಕಾಲ ಬಂದೇಬಿಟ್ಟಿತು. ಊಟದ ನಂತರದ ಗಣಿತದ ಪೀರಿಯಡ್ಡಿನಲ್ಲಿ ತಿಪ್ಪೇಶಪ್ಪ ಮೇಷ್ಟ್ರು ಗುಡುಗಿದರು. "ಏಳರ ಮಗ್ಗಿ ಬರದಿರೋ ಮಂತ್ರಿ ನಮಗ್ಯಾಕೆ? ನಾಳೆ ಹೇಳ್ಬೇಕು. ಇಲ್ಲಾಂದ್ರೆ ಬ್ಯಾಡ್ಜು ಬಿಚ್ಚಿ ಗುರುಬಸವರಾಜಂಗೆ ಕೊಡು."

ಮಗ್ಗಿಯಲ್ಲಿ ಕ್ಲಾಸಿಗೇ ಮುಂದಿದ್ದ ಗುರುಬಸವರಾಜ ಆಗಲೇ ಅಂಗಿಯ ಜೇಬು ಸವರಿಕೊಂಡ. ಪಾಪಿ! ಇಪ್ಪತ್ತೆಂಟರ ತನಕ ಸಲೀಸಾಗಿ ಬರುವ ಮಗ್ಗಿ ಅಲ್ಲಿಂದಾಚೆ ನಿಲೋಫರ್‌ಗೆ ಕೈಕೊಡುತ್ತಿತ್ತು.

ಮರುದಿನ ಬೆಳಿಗ್ಗೆ ಸಂಧ್ಯಾರಾಣಿ ಟೀಚರ್ ಕೈ ತೊಳೆಯುವ ಪಾಠ ಮಾಡಿದರು. ಕಾಗೆ ಕಚ್ಚಿಕೊಂಡು ಹೋಗದಂತೆ ಸೋಪನ್ನು ಹಳೇ ಕಾಲುಚೀಲದೊಳಗೆ ಹಾಕಿ ನಲ್ಲಿಗೆ ಕಟ್ಟಿದರು.

"ನೀರು ಮುಟ್ಟಿಸಿ ಓಡೋದಲ್ಲ. ಬೆರಳ ಸಂದಿ, ಉಗುರು ಎಲ್ಲ ತಿಕ್ಬೇಕು, ಒಂದು ಹಾಡು ಮುಗಿಯೋ ತನಕ. ಆರೋಗ್ಯ ಮಂತ್ರಿಗಳೇ, ನೀವೇ ನಿಂತು ನೋಡ್ಕೊಳ್ಳಿ."

ಯಾವ ಹಾಡು ಎಂದು ಅವರು ಹೇಳಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ.

ಊಟದ ಗಂಟೆ ಹೊಡೆದಾಗ ನಿಲೋಫರ್ ನಲ್ಲಿಯ ಪಕ್ಕ ನಿಂತು ಆಜ್ಞೆ ಹೊರಡಿಸಿದಳು. "ಎಲ್ರೂ ಬೆಳಗಿನ ಪ್ರಾರ್ಥನೆ ಹೇಳ್ಬೇಕು. ಒಬ್ಬೊಬ್ರೇ. ಪೂರ್ತಿ."

ಇರುವುದೊಂದೇ ನಲ್ಲಿ. ಕೈ ಜೋಡಿಸಿ ತಿಕ್ಕಲು ಪ್ರಾರ್ಥನೆಗಿಂತ ಒಳ್ಳೆಯದು ಬೇರೆ ಇದೆಯೇ! ಅನ್ನ ಆರಿತು. ಅಡುಗೆಯ ಕಸ್ತೂರಮ್ಮ ಸೌಟು ಹಿಡಿದೇ ಬಂದರು. "ಏನ್ರವ್ವಾ, ಕೈ ತೊಳ್ಯಾಕೆ ಬಂದೀರೋ, ಕೈಲಾಸಕ್ಕೆ ಹೊಂಟೀರೋ?"

ತಡವೇಕೆಂದು ನೋಡಲು ತಿಪ್ಪೇಶಪ್ಪ ಮೇಷ್ಟ್ರು ಅಂಗಳಕ್ಕೆ ಇಳಿದರು. ಪ್ರಾರ್ಥನೆ ಕಿವಿಗೆ ಬಿದ್ದರೆ ನಿಂತಲ್ಲೇ ಕಣ್ಣು ಮುಚ್ಚಿ ಕೈಮುಗಿಯುವುದು ಅವರ ಹುಟ್ಟುಗುಣ. ಮುಗಿಯಿತೆಂದು ಕಣ್ಣು ತೆರೆದು ಹೆಜ್ಜೆ ಎತ್ತುವಷ್ಟರಲ್ಲಿ ಸೋಪು ಮುಂದಿನವನ ಕೈಯಲ್ಲಿ. ಮತ್ತೆ ಪ್ರಾರ್ಥನೆ, ಮತ್ತೆ ಕಣ್ಣು ಮುಚ್ಚುವುದು. ಅವರು ನಲ್ಲಿ ತಲುಪಿ, ಮಕ್ಕಳು ಉಂಡು ಏಳುವ ಹೊತ್ತಿಗೆ ಗಣಿತದ ಪೀರಿಯಡ್ಡು ಮುಗಿದೇ ಹೋಗಿತ್ತು.

ಮಾರನೆಯ ದಿನವೂ ಅದೇ ಭಕ್ತಿ. ಆದರೆ ಅವತ್ತು ಮೇಷ್ಟ್ರು, ದೇವರು ಕ್ಷಮಿಸಲಿ ಎಂದುಕೊಂಡು, ಒಂದೇ ಒಂದು ಕಣ್ಣು ತೆರೆದರು. "ನಿಧಾನ, ಇನ್ನೂ ನಿಧಾನ" ಎಂದು ನಿಲೋಫರ್ ಕೈಸನ್ನೆ ಮಾಡುತ್ತಿದ್ದುದು ಕಂಡಿತು. ಎರಡನೆಯ ಕಣ್ಣೂ ತಾನಾಗಿ ತೆರೆಯಿತು.

"ಮಂತ್ರಿಗಳೇ, ದೇವರಿಗೂ ಸಾಕಾಗಿ ಹೋಗೈತೆ. ನಾಳೆಯಿಂದ ಏಳರ ಮಗ್ಗಿ ಹೇಳ್ತಾ ತೊಳೀಲಿ. ತಪ್ಪಿದ್ರೆ ಮತ್ತೆ ಮೊದ್ಲಿಂದ. ತಪ್ಪು ಹಿಡಿಯಾಕೆ ಹೆಂಗೂ ನೀವಿದ್ದೀರಲ್ಲ. ಶನಿವಾರ ನಿಮ್ಮ ಸರದಿ."

ನಿಲೋಫರ್‌ಳ ಮುಖ ಚಿಕ್ಕದಾಯಿತು. ಮರುದಿನದಿಂದ ಒಬ್ಬೊಬ್ಬರೂ ಮಗ್ಗಿ ಹೇಳುತ್ತ ಕೈ ತಿಕ್ಕಿದರು. ಸರಿಯೋ ತಪ್ಪೋ ತಿಳಿಯದೆ ಅವಳು ಗುರುಬಸವರಾಜನ ಮುಖ ನೋಡುತ್ತಿದ್ದಳು. ಅವನು ನಕ್ಕರೆ ತಪ್ಪು. ಆಗ ಗತ್ತಿನಿಂದ "ಮೊದ್ಲಿಂದ!" ಎನ್ನುತ್ತಿದ್ದಳು.

ಶನಿವಾರ ಕ್ಲಾಸಿನಲ್ಲಿ ಮೇಷ್ಟ್ರು ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಏಳ್ನಾಲ್ಕ್ಲ ಇಪ್ಪತ್ತೆಂಟು ಆಯಿತು. ಅಲ್ಲಿಗೆ ಬಾಯಿ ಕಟ್ಟಿತು. ಗುರುಬಸವರಾಜ ಬ್ಯಾಡ್ಜಿಗೆ ಕೈ ಚಾಚಿದ. ಬೆಳಿಗ್ಗೆ ಪಿನ್ನು ಚುಚ್ಚಿದ ಅಮ್ಮಿಯ ಬೆರಳು ನೆನಪಾಗಿ ಅವಳಿಗೆ ಅಳು ಬಂತು. ದಿಕ್ಕು ತೋಚದೆ, ನಲ್ಲಿ ಮುಂದೆ ಎಲ್ಲರೂ ತಿಕ್ಕುತ್ತಿದ್ದಂತೆ, ಎರಡು ಅಂಗೈ ಉಜ್ಜಿಕೊಂಡಳು.

"ಏಳೈದ್ಲ ಮೂವತ್ತೈದು!"

ಉಜ್ಜಿದಳು. ಬೆರಳ ಸಂದಿಗೆ ನಲವತ್ತೆರಡು, ಹೆಬ್ಬೆರಳಿಗೆ ನಲವತ್ತೊಂಬತ್ತು, ಉಗುರಿಗೆ ಐವತ್ತಾರು, ಮಣಿಕಟ್ಟಿಗೆ ಅರವತ್ತಮೂರು. ಕೈ ಕೊಡವಿ ಎಪ್ಪತ್ತು ಮುಗಿಸಿದಾಗ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು.

ಮೇಷ್ಟ್ರು ಕಷ್ಟಪಟ್ಟು ನಗು ತಡೆದರು. "ಬ್ಯಾಡ್ಜು ಇರ್ಲಿ. ಸೋಮವಾರ ಎಂಟರ ಮಗ್ಗಿ."

ನಿಲೋಫರ್ ಬ್ಯಾಡ್ಜು ನೆಟ್ಟಗೆ ಮಾಡಿಕೊಂಡು ಕೇಳಿದಳು. "ಸಾರ್, ಅದಕ್ಕೆ ಕಾಲು ತೊಳ್ಕೊಳ್ಳಾಣಾ?"