ಗೆರೆಯ ಮೇಲಿನ ಹೆಬ್ಬೆರಳು

ಲೆಕ್ಕ ಕಲಿಸುವ ಯಂತ್ರವೊಂದನ್ನು ಮಕ್ಕಳೊಡನೆ ಕೂತೇ ರೂಪಿಸಬೇಕೆಂದು ಇಂಡಿ ಊರಿನ ವಿನೀತ ನಮ್ಮ ಕನ್ನೊಳ್ಳಿಯ ಶಾಲೆಗೆ ಬಂದಿದ್ದ. ಮಕ್ಕಳನ್ನು ಆರಿಸುವ ಹೊಣೆ ನನ್ನದಾಯಿತು. ಮೊದಲು ಬರೆದ ಹೆಸರು ಮೆಹನಾಜ. ಹುಡುಗಿಗೆ ಉಗ್ಗು, ನಗುವವರಿಗೆ ಹೆದರಿ ಶಾಲೆ ಬಿಟ್ಟಿದ್ದಳು. ಅವಳ ಅಜ್ಜ ಕಾಸಿಂಸಾಬನ ಮನೆಗೆ ನಾನೇ ಹೋದೆ.

"ಒಂದ ದಿನಾ ಕಳಸ್ತೇನ್ರಿ ಮಾಸ್ತರ್ರ. ಅಲ್ಲೂ ನಕ್ರಂದ್ರ, ಮತ್ತ ನನ್ನ ಮುಂದ ಸಾಲಿ ಹೆಸರ ತಗೀಬ್ಯಾಡ್ರಿ."

ಒಪ್ಪಿದೆ. ಉತ್ತರವನ್ನು ಬಾಯಿಂದ ಹೇಳಬೇಕಿರಲಿಲ್ಲ. ಕೈ ತೋರಿಸಿದರೆ ಯಂತ್ರದ ಕ್ಯಾಮೆರಾ ಬೆರಳು ಎಣಿಸುತ್ತಿತ್ತು; ಹತ್ತು ದಾಟಿದರೆ ಎರಡು ಸಲ ತೋರಿಸಬೇಕಿತ್ತು. ಅದನ್ನು ನಂಬಿಯೇ ಅವಳನ್ನು ಕರೆದಿದ್ದೆ.

ಏಳಕ್ಕೆ ನಾಲ್ಕು ಕೂಡಿಸು ಎಂದು ಪರದೆ ಕೇಳಿತು. ಮೆಹನಾಜ ಕೈ ಎತ್ತಿದಳು.

"ನಾಲ್ಕು. ತಪ್ಪು," ಎಂದಿತು ಯಂತ್ರ.

ಮತ್ತೆ ಎತ್ತಿದಳು. ಮತ್ತೆ ಅದೇ ಮಾತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳು ಕೈಯನ್ನು ಓಢಣಿಯೊಳಗೆ ಅಡಗಿಸಿದಳು. ಬಾಗಿಲಲ್ಲಿ ಕೂತಿದ್ದ ಕಾಸಿಂಸಾಬ ಚಪ್ಪಲಿ ಮೆಟ್ಟಿದ.

ಅವಳ ಪಕ್ಕದ ಐಶ್ವರ್ಯ ಎದ್ದು ನಿಂತಳು. "ಏ ವಿನೀತಣ್ಣಾ, ನಿನ್ನ ಮಷೀನಿಗಿ ಕಣ್ಣ ಕಾಣಂಗಿಲ್ಲೇನ? ಅಕಿ ಬರೋಬ್ಬರಿ ಹೇಳ್ಯಾಳ!"

"ನಾಕ ಬೆರಳ ಅದಾವಲ್ಲವಾ?"

"ಬೆರಳ ಯಾರ ಎಣಸ್ತಾರ? ಗೆರಿ ಎಣಸ್ತೇವಿ. ನಿಮ್ಮವ್ವ ಹೆಂಗ ಎಣಸ್ತಾಳ?"

ವಿನೀತ ಮೆಹನಾಜಳ ಮುಂದೆ ಮಂಡಿಯೂರಿ, ಕೈ ತೋರಿಸೆಂದು ಬೇಡಿದ. ಕಿರುಬೆರಳಿನಿಂದ ಹೊರಟು ಬೆರಳಿಗೆ ಮೂರು ಗೆರೆ. ಅವಳ ಹೆಬ್ಬೆರಳು ತೋರುಬೆರಳಿನ ನಡುಗೆರೆಯ ಮೇಲಿತ್ತು. ಹನ್ನೊಂದು.

"ನಮ್ಮವ್ವನೂ ಹಿಂಗ ಎಣಸ್ತಾಳ," ಎಂದು ಅವನು ತಲೆ ಕೆರೆದುಕೊಂಡ. "ಈಗ ಇದಕ್ಕ ಹೆಂಗ ಕಲಸೂಣು? ನೀವ ಹೇಳ್ರಿ."

ಮಕ್ಕಳು ಬೆರಳ ಗೆರೆಗಳನ್ನು ಪೆನ್ನಿನಿಂದ ತಿದ್ದಿ, ಹೆಬ್ಬೆರಳನ್ನು ಒಂದೊಂದೇ ಗೆರೆಗಿಟ್ಟು ಚಿತ್ರ ತೆಗೆಸಿದರು. ಉಳಿದವರು ಅವಸರದಲ್ಲಿ ಗೆರೆ ತಪ್ಪುತ್ತಿದ್ದರು, ಮೆಹನಾಜ ತಪ್ಪಲಿಲ್ಲ. ಚಿತ್ರಕ್ಕೆ ಅವಳ ಕೈಯೇ ಬೇಕೆಂದು ಎಲ್ಲರೂ ಜಗಳಾಡಿದರು. ಕೊನೆಗೆ ಅವಳೇ ವಿನೀತನ ತೋಳು ಜಗ್ಗಿದಳು.

"ತ... ತಪ್ಪ ಅನ್ನಬ್ಯಾಡ. ಇನ್ನೊಮ್ಮಿ ತೋರ್ಸು... ಅನ್ಲಿ."

ಯಾರೂ ನಗಲಿಲ್ಲ. ವಿನೀತ ಆ ಮಾತನ್ನೂ ಸೇರಿಸಿದ.

ಸಂಜೆ ಅವಳು ಕೈ ಎತ್ತಿದಾಗ ಯಂತ್ರ ತುಸು ತಡೆದು, "ಹನ್ನೊಂದು. ಸರಿ," ಎಂದಿತು. ಮಕ್ಕಳ ಕೂಗಿಗೆ ನನ್ನ ಕಿವಿ ಗಡಚಿಕ್ಕಿತು. ನಾನು ಗದರಲಿಲ್ಲ.

ಕಾಸಿಂಸಾಬ ಇನ್ನೂ ಬಾಗಿಲಲ್ಲೇ ಇದ್ದ. "ಮಾಸ್ತರ್ರ, ನಾಳಿ ಎಷ್ಟಕ್ಕ ಕಳಸಬೇಕ್ರಿ?"

"ಎಲ್ಲಾ ಹುಡುಗರು ಬರೂ ಹೊತ್ತಿಗಿ," ಎಂದೆ. ಬೆಳಗಿನಿಂದ ನಿಂತೇ ಇದ್ದವನು ಆಗ ಬೆಂಚಿನ ಮೇಲೆ ಕುಳಿತೆ.